ಬಿರುಕು ಕಂಡಿತ್ತು, ಗೇಟ್ ಮುಚ್ಚಲಿಲ್ಲ

ಲಾ ಓದಿದವರೆಲ್ಲ ಇಲ್ಲಿನ ಕೋರ್ಟಿನಲ್ಲೇ ವಾದ ಮಾಡಬೇಕು ಅಂತೇನಿಲ್ಲ, ವೀಕ್ಷಕರೇ. ಅಂತಾರಾಷ್ಟ್ರೀಯ ಕಾರ್ಮಿಕ ಕಾನೂನು ಅಂತ ಇನ್ನೊಂದು ದಾರಿ ಇದೆ. ಅದು ಯಾಕೆ ಬೇಕು? ಕೇಳಿ.

2013ರ ಏಪ್ರಿಲ್ 23. ಢಾಕಾ ಬಳಿಯ ಸಾವರ್‌ನಲ್ಲಿ ರಾಣಾ ಪ್ಲಾಜಾ ಕಟ್ಟಡ ಬಿರುಕು ಬಿಟ್ಟಿತು. ಎಂಜಿನಿಯರ್ ನೋಡಿ, ಇದು ಸುರಕ್ಷಿತ ಅಲ್ಲ ಅಂದರು. ಮರುದಿನ ಕೆಳಗಿನ ಬ್ಯಾಂಕ್ ಬಾಗಿಲು ತೆರೆಯಲಿಲ್ಲ. ಮೇಲಿನ ಗಾರ್ಮೆಂಟ್ಸ್‌ನವರು ಮಾತ್ರ ಕೆಲಸಗಾರರನ್ನು ಒಳಗೆ ಕಳಿಸಿದರು. ಕಟ್ಟಡ ಕುಸಿದು ಸತ್ತವರು 1,100ಕ್ಕೂ ಹೆಚ್ಚು.

ನಾನೂ ಎಂಜಿನಿಯರಿಂಗ್ ಓದಿದವನೇ. ಬಿರುಕು ಗುರುತಿಸೋದು ನಮಗೆ ಗೊತ್ತು. ಆದರೆ ವರದಿ ಕೊಟ್ಟ ಮಾತ್ರಕ್ಕೆ ಗೇಟ್ ಮುಚ್ಚಲ್ಲ ಸ್ವಾಮಿ! ಮುಚ್ಚಿಸೋದಕ್ಕೆ ಕಾನೂನು ಬೇಕು.

ಅದೇ ವರ್ಷ ಕಾರ್ಮಿಕ ಸಂಘಟನೆಗಳೂ ಬ್ರ್ಯಾಂಡ್‌ಗಳೂ 'ಬಾಂಗ್ಲಾದೇಶ ಅಕಾರ್ಡ್'ಗೆ ಸಹಿ ಹಾಕಿದವು. ಅಪಾಯ ಕಂಡರೆ ಕೆಲಸ ನಿರಾಕರಿಸುವ ಹಕ್ಕು ಅದರಲ್ಲಿತ್ತು. ಮಾತು ತಪ್ಪಿದವರನ್ನು ಮಧ್ಯಸ್ಥಿಕೆಗೆ ಎಳೆಯುವ ಕಲಮೂ ಇತ್ತು. 2016ರಲ್ಲಿ ಎರಡು ಜಾಗತಿಕ ಒಕ್ಕೂಟಗಳು ಎರಡು ಬ್ರ್ಯಾಂಡ್‌ಗಳ ವಿರುದ್ಧ ಹೇಗ್‌ನ ಕಾಯಂ ಮಧ್ಯಸ್ಥಿಕೆ ನ್ಯಾಯಾಲಯದ ಮೆಟ್ಟಿಲೇರಿದವು. ಎರಡೂ ರಾಜಿಯಲ್ಲಿ ಮುಗಿದವು. ಒಂದರಲ್ಲೇ 23 ಲಕ್ಷ ಡಾಲರ್. ಅದರ ಬಹುಪಾಲು ಹೋದದ್ದು ಕಾರ್ಖಾನೆಗಳ ದುರಸ್ತಿಗೆ! ಆ ಕಲಮನ್ನು ಬರೆಯೋದು, ಜಗಳವನ್ನು ರಾಜಿಗೆ ತರೋದು, ಇದೇ ಈ ವಕೀಲರ ಕೆಲಸ.

ಬೆಂಗಳೂರಿನ ನಮ್ಮ ಹೆಣ್ಣುಮಕ್ಕಳೂ ಹೊರದೇಶದ ಬ್ರ್ಯಾಂಡ್‌ಗಳಿಗೆ ಬಟ್ಟೆ ಹೊಲೀತಾರೆ. ಭಾರತ 1919ರಿಂದಲೂ ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಸದಸ್ಯ. ಆದರೂ ಸಂಘ ಕಟ್ಟುವ ಹಕ್ಕಿನ 87ನೇ ಒಪ್ಪಂದಕ್ಕೆ ಅನುಮೋದನೆ ಕೊಟ್ಟಿಲ್ಲ. ನಿಮ್ಮ ಮನೆಯಲ್ಲಿ ಲಾ ಓದೋ ಮಗಳಿದ್ದರೆ ಹೇಳಿ: ಇಲ್ಲೂ ಕೆಲಸ ಬಾಕಿ ಇದೆ.