ಹೆಸರು ಒಂದು, ವಿಳಾಸ ಹಲವು: ಸಿ ಪ್ರೋಗ್ರಾಂ ಇಂಟರ್ನೆಟ್‌ನಲ್ಲಿ ದಾರಿ ಹುಡುಕೋದು ಹೇಗೆ?

ಮನೆಗೆ ಕಾಲ್ ಮಾಡ್ಬೇಕಂದ್ರೆ ಫೋನ್‌ನಲ್ಲಿ ‘ಅಮ್ಮ’ ಅಂತ ಹುಡುಕಿ ಒತ್ತುತ್ತೀರಿ. ನಂಬರ್ ಬಾಯಿಪಾಠ ಇರೋರು ಈಗ ಕಮ್ಮಿ. ಇಂಟರ್ನೆಟ್ ಕೂಡ ಹಾಗೇ. ನಾವು ವೆಬ್‌ಸೈಟ್ ಹೆಸರು ಟೈಪ್ ಮಾಡ್ತೀವಿ, ಯಂತ್ರಕ್ಕೆ ಬೇಕಿರೋದು ಐಪಿ ವಿಳಾಸ ಅನ್ನೋ ನಂಬರ್. ಹೆಸರಿನಿಂದ ಆ ನಂಬರ್ ಹುಡುಕೋ ಕೆಲಸ ಸಿ ಭಾಷೆಯಲ್ಲಿ ಹೇಗೆ ನಡೆಯುತ್ತೆ? ಇವತ್ತು ನಾನು ಅದರ ಬಗ್ಗೆ ಮಾತಾಡ್ತೀನಿ.

ಅರ್ಪಾನೆಟ್ ಕಾಲದಲ್ಲಿ ಎಲ್ಲ ಕಂಪ್ಯೂಟರ್‌ಗಳ ಹೆಸರು, ವಿಳಾಸ ಒಂದೇ ಫೈಲ್‌ನಲ್ಲಿ ಇರ್ತಿತ್ತು. ಅಮೆರಿಕದ ಸ್ಟ್ಯಾನ್‌ಫರ್ಡ್ ರಿಸರ್ಚ್ ಇನ್‌ಸ್ಟಿಟ್ಯೂಟ್‌ನಲ್ಲಿ ಎಲಿಜಬೆತ್ ಫೈನ್ಲರ್ ಅವರ ತಂಡ ಆ ಪಟ್ಟಿ ನೋಡಿಕೊಳ್ತಿತ್ತು. ಕಂಪ್ಯೂಟರ್‌ಗಳು ಹೆಚ್ಚಾದಂತೆ ಪಟ್ಟಿ ಕೈಮೀರಿತು. 1983ರಲ್ಲಿ ಪಾಲ್ ಮೋಕಪೆಟ್ರಿಸ್ ಡಿಎನ್‌ಎಸ್ ರೂಪಿಸಿದರು. ಅದೇ ವರ್ಷದ ಬಿಎಸ್‌ಡಿ ಯುನಿಕ್ಸ್‌ನಲ್ಲಿ ಗೆಟ್‌ಹೋಸ್ಟ್‌ಬೈನೇಮ್ ಅನ್ನೋ ಫಂಕ್ಷನ್ ಬಂತು. ಹೆಸರು ಕೊಟ್ಟರೆ ವಿಳಾಸ ಕೊಡೋದು ಅದರ ಕೆಲಸ.

ಅದರಲ್ಲಿ ಎರಡು ತೊಂದರೆ. ಒಂದು, ಅದು ಹುಟ್ಟಿದ್ದು ಐಪಿವಿ4 ಕಾಲದಲ್ಲಿ. ಐಪಿವಿ4ರಲ್ಲಿ ಒಟ್ಟು ವಿಳಾಸಗಳು ಸುಮಾರು 430 ಕೋಟಿ ಅಷ್ಟೇ, ಇವತ್ತಿನ ಜಗತ್ತಿಗೆ ಸಾಲಲ್ಲ. ಎರಡು, ಉತ್ತರವನ್ನ ಅದು ಒಂದೇ ಸ್ಲೇಟಿನ ಮೇಲೆ ಬರೆಯುತ್ತೆ. ಇನ್ನೊಂದು ಹೆಸರು ಕೇಳಿದರೆ ಹಳೇ ಉತ್ತರ ಅಳಿಸಿ ಹೋಗಬಹುದು. ಒಂದೇ ಪ್ರೋಗ್ರಾಂನಲ್ಲಿ ಹತ್ತು ಥ್ರೆಡ್‌ಗಳು ಒಟ್ಟಿಗೆ ಕೇಳಿದರೆ? ಗೊಂದಲವೇ ಗತಿ.

2015ರ ಜನವರಿಯಲ್ಲಿ ಇದೇ ಫಂಕ್ಷನ್‌ನಲ್ಲಿ ‘ಘೋಸ್ಟ್’ ಅನ್ನೋ ದೋಷ ಬಯಲಾಯ್ತು. ಲಿನಕ್ಸ್‌ನ ಜಿಲಿಬ್‌ಸಿ ಲೈಬ್ರರಿಯಲ್ಲಿ, ಮೆಮೊರಿ ಎಷ್ಟು ಬೇಕು ಅನ್ನೋ ಲೆಕ್ಕದಲ್ಲಿ ಕೆಲವೇ ಬೈಟ್ ಕಮ್ಮಿ ಬಿದ್ದಿತ್ತು, ಅದೂ 2000ದಿಂದ! 2013ರಲ್ಲೇ ಯಾರೋ ಅದನ್ನ ಸರಿಪಡಿಸಿದ್ದರು. ಆದರೆ ಅದು ಭದ್ರತೆಯ ವಿಷಯ ಅಂತ ಗುರುತಿಸದೇ ಇದ್ದಿದ್ದರಿಂದ ಎಷ್ಟೋ ಸರ್ವರ್‌ಗಳಿಗೆ ಆ ತೇಪೆ ತಲುಪಲೇ ಇಲ್ಲ.

ಈಗ ಬಳಸಬೇಕಾದ ಫಂಕ್ಷನ್ ಗೆಟ್‌ಆಡ್‌ಇನ್ಫೋ. ಹೆಸರು, ಯಾವ ಸೇವೆ, ಎಂಥ ವಿಳಾಸ ಬೇಕು ಅಂತ ಹೇಳಿದರೆ ಸಾಕು. ಐಪಿವಿ4, ಐಪಿವಿ6 ಎರಡೂ ಕೊಡುತ್ತೆ. ಗಮನಿಸಿ, ಅದು ಕೊಡೋದು ಒಂದು ವಿಳಾಸ ಅಲ್ಲ, ಪಟ್ಟಿ. ರೈಲಿನ ಬೋಗಿಗಳ ಥರ ಒಂದಕ್ಕೊಂದು ಕೊಂಡಿ.

ತುಂಬಾ ಕೋಡ್‌ಗಳು ಎಡವೋದು ಇಲ್ಲೇ. ಮೊದಲ ಬೋಗಿ ನೋಡಿ, ಸೀಟಿಲ್ಲ ಅಂತ ಸ್ಟೇಷನ್ನಿಂದ ವಾಪಸ್ ಬಂದ ಹಾಗೆ. ಮೊದಲ ವಿಳಾಸ ಐಪಿವಿ6 ಆಗಿರಬಹುದು, ನಿಮ್ಮ ವೈಫೈನಲ್ಲಿ ಐಪಿವಿ6 ಸರಿಯಾಗಿ ಓಡದೇ ಇರಬಹುದು. ಆಗ ಪ್ರೋಗ್ರಾಂ ‘ಸರ್ವರ್ ಸಿಗ್ತಿಲ್ಲ’ ಅನ್ನುತ್ತೆ. ಎರಡನೇ ವಿಳಾಸದಲ್ಲಿ ಬಾಗಿಲು ತೆರೆದೇ ಇರುತ್ತೆ! ಫಾರ್ಮ್ ತುಂಬೋಕೆ ಕೊನೇ ದಿನ ಕೂತಿರೋ ಹುಡುಗಿಗೆ ಇದು ಬರೀ ಟೆಕ್ನಿಕಲ್ ಸಮಸ್ಯೆ ಅಲ್ಲ, ಒಂದು ವರ್ಷದ ಪ್ರಶ್ನೆ.

ಹಾಗಾಗಿ ಸಿ ಕಲಿಯೋರಿಗೆ ನನ್ನ ಮಾತು ಇಷ್ಟೇ. ಪಟ್ಟಿ ಮುಗಿಯೋವರೆಗೂ ಲೂಪ್ ಓಡಿಸಿ. ಒಂದಕ್ಕೆ ಕನೆಕ್ಟ್ ಆಗದಿದ್ದರೆ ಆ ಸಾಕೆಟ್ ಮುಚ್ಚಿ ಮುಂದಿನದಕ್ಕೆ ಹೋಗಿ. ಹೆಸರೇ ಸಿಗದಿದ್ದರೆ ಕಾರಣ ತಿಳಿಯೋಕೆ ಗೈ ಎಸ್‌ಟಿಆರ್‌ಎರರ್ ಇದೆ, ಮಾಮೂಲಿ ಪಿಎರರ್ ಅಲ್ಲ. ಕೆಲಸ ಮುಗಿದ ಮೇಲೆ ಫ್ರೀಆಡ್‌ಇನ್ಫೋ ಕರೆದು ಮೆಮೊರಿ ವಾಪಸ್ ಕೊಡಿ.

ಹೊಸದೂ ದೋಷಮುಕ್ತ ಅಲ್ಲ. 2016ರಲ್ಲಿ ಜಿಲಿಬ್‌ಸಿಯ ಗೆಟ್‌ಆಡ್‌ಇನ್ಫೋದಲ್ಲೂ ದೊಡ್ಡ ಬಿರುಕು ಸಿಕ್ಕಿತು, ಅದನ್ನ ಮುಚ್ಚಿದರು. ಅಪ್‌ಡೇಟ್ ಮುಂದೂಡಬೇಡಿ ಅನ್ನೋದು ಇದಕ್ಕೇ.

ನಿಮ್ಮ ಹಳೇ ಕೋಡ್ ಒಂದ್ಸಲ ತೆಗೆದು ನೋಡಿ. ಮೊದಲ ವಿಳಾಸಕ್ಕೇ ನಿಂತಿದ್ಯಾ? ಮುಂದಿನ ಕಂತಿನಲ್ಲಿ ಸಿಗೋಣ.