ಅರಮನೆಯಿಲ್ಲದ ಊರಿನ ಕಲಾಪೋಷಣೆ



ಹುಬ್ಬಳ್ಳಿಯ ದುರ್ಗದಬೈಲಿಗೆ ಸಂಜೆ ಬಂದವರಿಗೆ ಕಾಣುವುದು ಅಂಗಡಿಗಳ ಸಾಲು, ತಿಂಡಿಯ ಗಾಡಿಗಳು, ಗಿಜಿಗುಡುವ ಮಂದಿ. ದುರ್ಗವೆಂದರೆ ಕೋಟೆ, ಬೈಲು ಎಂದರೆ ಬಯಲು. ಕೋಟೆ ಹೆಸರಿನಲ್ಲಿ ಉಳಿದಿದೆ. ಊರನ್ನು ಬೆಳೆಸಿದ್ದು ಪೇಟೆ. ಈ ಭಾಗದ ಕಲೆಯ ಇತಿಹಾಸವೂ ಬಹುಮಟ್ಟಿಗೆ ಹೀಗೆಯೇ ಇದೆ.

ಮೈಸೂರಿನಲ್ಲಿ ಸಂಗೀತಗಾರರಿಗೆ ಆಸ್ಥಾನವಿತ್ತು, ಪೈಲ್ವಾನರಿಗೆ ದಸರೆಯ ಕಣವಿತ್ತು. ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಹುಬ್ಬಳ್ಳಿ–ಧಾರವಾಡಕ್ಕೆ ಅರಮನೆಯ ಆಸರೆ ಇರಲಿಲ್ಲ. ಇಲ್ಲಿ ನಾಟಕ ಕಂಪನಿಗಳು ಟಿಕೆಟ್ಟಿನ ಹಣದಿಂದ ಬದುಕಿದವು. ಮಲ್ಲಿಕಾರ್ಜುನ ಮನ್ಸೂರರು ಬಾಲ್ಯದಲ್ಲಿ ಬಣ್ಣ ಹಚ್ಚಿದ್ದು ಇಂಥದೇ ಒಂದು ಕಂಪನಿಯಲ್ಲಿ. ಕುಂದಗೋಳದಲ್ಲಿ ಸವಾಯಿ ಗಂಧರ್ವರಿಗೆ (1886–1952) ನಾಡಿಗೇರ ವಾಡೆ ಆಶ್ರಯವಾಯಿತು. ಅವರಲ್ಲಿ ಕಲಿಯಲು ಗಂಗೂಬಾಯಿ ಹಾನಗಲ್ (1913–2009) ಹುಬ್ಬಳ್ಳಿಯಿಂದ ರೈಲು ಹತ್ತಿ ಹೋಗುತ್ತಿದ್ದರು.

ಸ್ವಾತಂತ್ರ್ಯಾನಂತರ ಪೋಷಕನ ಸ್ಥಾನಕ್ಕೆ ಸರಕಾರ ಬಂತು. ಸಂವಿಧಾನದ ರಾಜ್ಯಪಟ್ಟಿಯ 33ನೆಯ ನಮೂದಿನಲ್ಲಿ ನಾಟಕ, ಕ್ರೀಡೆ ಎರಡೂ ಒಟ್ಟಿಗೆ ಕುಳಿತಿವೆ. ರಾಷ್ಟ್ರೀಯ ಮಹತ್ವದ ಸ್ಮಾರಕಗಳು ಕೇಂದ್ರದ ಪಾಲು, ಉಳಿದವು ರಾಜ್ಯದ ಪಾಲು. 1959ರಲ್ಲಿ ಸಂಗೀತ ನಾಟಕ ಅಕಾಡೆಮಿ ಹುಟ್ಟಿತು. ಮುಂದೆ ವೃದ್ಧ ಕಲಾವಿದರಿಗೂ ಮಾಜಿ ಪೈಲ್ವಾನರಿಗೂ ಮಾಸಾಶನ ಬಂತು. ಕಣ್ಣಿಗೆ ಕಾಣದ ನೆರವೂ ಉಂಟು: 2018ರಿಂದ 500 ರೂಪಾಯಿವರೆಗಿನ ನಾಟಕ, ಸಂಗೀತ, ಕ್ರೀಡೆಯ ಟಿಕೆಟ್ಟಿಗೆ ಜಿಎಸ್‌ಟಿ ಇಲ್ಲ. ಟಿಕೆಟ್ಟಿನಿಂದಲೇ ಉಸಿರಾಡುವ ಕಂಪನಿಗೆ ಇದು ಸಣ್ಣ ಮಾತಲ್ಲ.

ಹಾಗಾದರೆ ಕೊರತೆ ಎಲ್ಲಿ? ಸರಕಾರಕ್ಕೆ ಕಟ್ಟಡ ಕಟ್ಟುವುದು ಸುಲಭ. ಶಂಕುಸ್ಥಾಪನೆಗೂ ಉದ್ಘಾಟನೆಗೂ ಒಂದೊಂದು ದಿನ ಗೊತ್ತಿರುತ್ತದೆ. ಕಲೆ ಬದುಕುವುದು ಮಾತ್ರ ಉಳಿದ ದಿನಗಳಲ್ಲಿ. 2011ರಲ್ಲಿ ಹುಬ್ಬಳ್ಳಿಯಲ್ಲಿ ಆರಂಭವಾದ ಗಂಗೂಬಾಯಿ ಹಾನಗಲ್ ಗುರುಕುಲದ ಕಲ್ಪನೆ ದೊಡ್ಡದು: ಶಿಷ್ಯರು ಗುರುವಿನ ಬಳಿಯೇ ಇದ್ದು ಕಲಿಯಬೇಕು. ಅಂಥ ಕಲಿಕೆಗೆ ವರ್ಷಗಳು ಬೇಕು. ಗುರುವಿನ ಸಂಭಾವನೆ, ಶಿಷ್ಯರ ಊಟ, ತಂಬೂರಿಯ ರಿಪೇರಿ ಇವೆಲ್ಲ ಪ್ರತಿ ತಿಂಗಳ ಖರ್ಚುಗಳು. ಅನುದಾನ ಒಂದು ವರ್ಷ ತಡವಾದರೆ ಕಟ್ಟಡ ಕಾಯಬಲ್ಲದು, ಕಲಿಯುವ ಹುಡುಗ ಕಾಯಲಾರ.

ಗರಡಿಮನೆಯ ಲೆಕ್ಕವೂ ಇದೇ. ಅಂಕಣಕ್ಕೆ ಕೆಮ್ಮಣ್ಣು, ನಸುಕಿನಲ್ಲಿ ಪಟ್ಟು ಕಲಿಸುವ ವಸ್ತಾದ, ಹುಡುಗರ ಹೊಟ್ಟೆಗೆ ಹಾಲು: ಕುಸ್ತಿಗೆ ಬೇಕಾದುದು ಇಷ್ಟು. ವರ್ಷಕ್ಕೊಮ್ಮೆ ನಡೆಯುವ ಉತ್ಸವದಿಂದ ಗೆದ್ದವನಿಗೆ ಗದೆ ಸಿಕ್ಕೀತು. ಹೊಸ ಹುಡುಗ ಅಂಕಣಕ್ಕೆ ಇಳಿಯಬೇಕಾದರೆ ಗರಡಿಯ ಬಾಗಿಲು ದಿನವೂ ತೆರೆದಿರಬೇಕು.

ಸ್ಮಾರಕಗಳ ಪ್ರಶ್ನೆ ಇನ್ನೂ ಸೂಕ್ಷ್ಮ. ಉಣಕಲ್ಲಿನ ಚಂದ್ರಮೌಳೇಶ್ವರ ಗುಡಿ ಕಲ್ಯಾಣ ಚಾಲುಕ್ಯರ ಕಾಲದ್ದು, ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. ಸುತ್ತ ಜನವಸತಿ ಇದೆ. 2010ರಲ್ಲಿ ತಿದ್ದುಪಡಿಯಾದ ಕಾನೂನಿನ ಪ್ರಕಾರ ಇಂಥ ಸ್ಮಾರಕದಿಂದ 100 ಮೀಟರಿನೊಳಗೆ ಹೊಸ ಕಟ್ಟಡ ಸಲ್ಲದು. ಮನೆ ದುರಸ್ತಿಗೂ ಅನುಮತಿ ಬೇಕು. ಅದರಾಚೆಯ 200 ಮೀಟರಿನಲ್ಲಿ ಕಟ್ಟಲೂ ಪರವಾನಗಿ ಪಡೆಯಬೇಕು. ಗುಡಿ ಉಳಿಯಲು ಈ ನಿಯಮ ಅಗತ್ಯವೇ. ಆದರೆ ಗುಡಿ ಇಡೀ ನಾಡಿನ ಆಸ್ತಿ, ಅದನ್ನು ಕಾಯುವ ಭಾರ ಮಾತ್ರ ಕೆಲವೇ ಮನೆಗಳ ಮೇಲೆ. ಅನುಮತಿ ಬೇಗ ಸಿಗದಿದ್ದರೆ, ಬಿಟ್ಟುಕೊಡುವ ಜಾಗಕ್ಕೆ ನ್ಯಾಯವಾದ ಪರಿಹಾರ ಸಿಗದಿದ್ದರೆ, ನೆರೆಯವರಿಗೆ ಗುಡಿಯೇ ವೈರಿಯಾಗಿ ತೋರುತ್ತದೆ. ಆಗ ಯಾವ ಬೇಲಿಯೂ ಅದನ್ನು ಉಳಿಸಲಾರದು.

ಸರಕಾರದ ಹಣ ಪೇಟೆಯ ಹಣದ ಸ್ಥಾನವನ್ನು ಪೂರ್ತಿ ತುಂಬಬೇಕಿಲ್ಲ. ಟಿಕೆಟ್ ಕೊಳ್ಳುವ ಪ್ರೇಕ್ಷಕ ಇಂದಿಗೂ ಕಲೆಯ ಮೊದಲ ಪೋಷಕ. ಟಿಕೆಟ್ಟಿನಿಂದ ಹುಟ್ಟದ ಕೆಲಸಗಳಿವೆ: ಕಲಿಕೆ, ಕಾಪು, ಮುಪ್ಪಿನ ಆಸರೆ. ಅವು ಸರಕಾರದವು. ಆದ್ದರಿಂದ ಮುಂಗಡಪತ್ರ ಬಂದಾಗ ನಾಗರಿಕರು ಎಷ್ಟು ಭವನಗಳಿಗೆ ಹಣ ಬಂತೆಂದು ಕೇಳಿದರೆ ಸಾಲದು. ಕಟ್ಟಿದ ಭವನದಲ್ಲಿ ಕಲಿಸುವವರಿಗೆ ಈ ತಿಂಗಳ ಸಂಭಾವನೆ ತಲುಪಿತೇ ಎಂದೂ ಕೇಳಬೇಕು.