ಕಾನಿನೊಳಗೆ ಇಬ್ಬರು ಹೆಂಗಸರು



ಇವತ್ತಿನ ವಿಷಯವನ್ನು ನೇರವಾಗಿಯೇ ಹೇಳಿಬಿಡುತ್ತೇನೆ. ಕಾಡಿನಲ್ಲಿ ಜೀವ ಉಳಿಸಿಕೊಳ್ಳಬೇಕಾಗಿ ಬಂದ ಇಬ್ಬರು ಹೆಂಗಸರ ನಡುವೆ ಬೆಳೆಯುವ ಪ್ರೀತಿ. ಗೆಳೆತನ ಎಂದು ಹೇಳಿ ಮುಗಿಸುವಂಥದ್ದಲ್ಲ, ಒಂದೇ ಒಲೆ ಹೂಡಿ ಜೊತೆಗೆ ಬಾಳುವ ಪ್ರೀತಿ. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' 1967ರಲ್ಲಿ ಬಂತು. ಗುತ್ತಿ ತಿಮ್ಮಿಯನ್ನು ಹಾರಿಸಿಕೊಂಡು ಮಳೆಯಲ್ಲಿ, ಕಾಡಿನಲ್ಲಿ ಹೋಗುವಾಗ ಓದುವ ನಾವೆಲ್ಲ ಅವರು ಯಾರ ಕೈಗೂ ಸಿಗದಿರಲಿ ಎಂದು ಮನಸ್ಸಿನಲ್ಲೇ ಹರಸುತ್ತೇವೆ. ಅದೇ ಕಾಡಿನಲ್ಲಿ ತಿಮ್ಮಿಯ ಕೈ ಹಿಡಿದವಳು ಇನ್ನೊಬ್ಬ ಹೆಣ್ಣಾಗಿದ್ದರೆ ನಮ್ಮ ಹಾರೈಕೆ ಹಾಗೆಯೇ ಇರುತ್ತಿತ್ತೆ? ಇರಬೇಕು ಎಂಬುದು ನನ್ನ ವಾದ. ಅದಕ್ಕೆ ಬೇಕಾದದ್ದೆಲ್ಲ ಶಿಕಾರಿಪುರ, ಸೊರಬ ಎಂಬ ನಮ್ಮ ಈ ಎರಡು ತಾಲ್ಲೂಕಿನ ನೆಲದಲ್ಲೇ ಇದೆ.

ಮನೆ ಬಿಟ್ಟು ಕಾಡು ಹಿಡಿದ ಹೆಣ್ಣು ಎಂದರೆ ಶಿಕಾರಿಪುರದವರಿಗೆ ಮೊದಲು ನೆನಪಾಗುವವಳು ಉಡುತಡಿಯ ಮಹಾದೇವಿ. ಹರಿಹರನ ರಗಳೆಯಲ್ಲಿ ಅವಳು ಅರಸ ಕೌಶಿಕನನ್ನು ಮದುವೆಯಾಗಿ ಆಮೇಲೆ ಬಿಟ್ಟು ಹೊರಟಳು. ಚಾಮರಸನ 'ಪ್ರಭುಲಿಂಗಲೀಲೆ'ಯಲ್ಲಿ ಮದುವೆಗೇ ಒಪ್ಪಲಿಲ್ಲ. ಅರಮನೆ ಬಿಟ್ಟದ್ದರ ಬಗ್ಗೆ ಮಾತ್ರ ಇಬ್ಬರು ಕವಿಗಳಲ್ಲೂ ಭೇದವಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಒಬ್ಬಳು ಹೆಣ್ಣುಮಗಳು ಇಲ್ಲಿಂದ ಕಲ್ಯಾಣಕ್ಕೆ, ಅಲ್ಲಿಂದ ಶ್ರೀಶೈಲದ ಕದಳಿಗೆ ನೂರಾರು ಮೈಲಿ ನಡೆದಳು. ಅಲ್ಲಿನ ನಲ್ಲಮಲದ ಕಾಡು ಇವತ್ತಿಗೂ ಹುಲಿ ಇರುವ ಕಾಡು. ಹಸಿದಾಗ ಏನು ಉಣ್ಣಬೇಕು, ನೀರು ಎಲ್ಲಿ ಸಿಕ್ಕೀತು, ರಾತ್ರಿ ಎಲ್ಲಿ ಒರಗಬೇಕು ಎಂಬ ಪ್ರಶ್ನೆಗಳನ್ನು ದಿನದಿನವೂ ಎದುರಿಸಿದವಳ ಮಾತು ಅವಳ ವಚನಗಳಲ್ಲಿ ಕೇಳಿಸುತ್ತದೆ.

ಅವಳ ಪ್ರೀತಿ ಚೆನ್ನಮಲ್ಲಿಕಾರ್ಜುನನ ಮೇಲೆ. ಅದನ್ನು ಬೇರೆ ಯಾವುದಕ್ಕೋ ತಿರುಗಿಸುವ ಅಧಿಕಾರ ನನಗಿಲ್ಲ, ತಿರುಗಿಸುವುದೂ ಇಲ್ಲ. ಆದರೆ ಆ ಪ್ರೀತಿಯನ್ನು ಅವಳು ಯಾರ ಹತ್ತಿರ ತೋಡಿಕೊಂಡಳು ಎಂಬುದನ್ನು ಗಮನಿಸಿ. ವಿರಹದ ಎಷ್ಟೋ ವಚನಗಳಲ್ಲಿ ಅವಳು ಮಾತಾಡುವುದು ಅವ್ವನ ಹತ್ತಿರ, ಕೆಳದಿಯ ಹತ್ತಿರ. ಕೇಳುವವಳು ಒಬ್ಬ ಹೆಣ್ಣು ಪಕ್ಕದಲ್ಲಿ ಇದ್ದಾಳೆ ಎಂಬ ಧೈರ್ಯದಲ್ಲೇ ಆ ಮಾತು ಹುಟ್ಟುತ್ತದೆ. ಹೆಣ್ಣಿನ ಆಸೆಯನ್ನು ಹೆಣ್ಣು ನಾಚದೆ ಕೇಳಿಸಿಕೊಳ್ಳುವ ಒಂದು ಜಾಗವನ್ನು ಉಡುತಡಿಯ ಈ ಮಗಳು ಕನ್ನಡದಲ್ಲಿ ಮಾಡಿಕೊಟ್ಟಳು. ನಾನು ಇವತ್ತು ನಿಂತು ಮಾತಾಡುತ್ತಿರುವುದು ಆ ಜಾಗದಲ್ಲಿಯೇ.

ಈಗ ಸೊರಬಕ್ಕೆ ಬರೋಣ. ಸೊರಬ ಎಂದರೆ ಕಾನು. 1868ರಲ್ಲಿ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಅಧಿಕಾರಿಗಳು ಸೊರಬದ ಕಾನುಗಳ ಮೇಲೆ ವರದಿ ಬರೆದರು. ಅವರ ಲೆಕ್ಕದಲ್ಲಿ ಈ ಒಂದು ತಾಲ್ಲೂಕಿನಲ್ಲೇ 171 ಕಾನುಗಳಿದ್ದವು. ಊರವರೇ ಕಾದುಕೊಂಡು ಬಂದ ಹಸಿರು ಕಾಡು. ಕಾಡುಮೆಣಸು, ಬಗನಿ, ದಾಲ್ಚಿನ್ನಿ, ಮುರುಗಲು, ಉಪ್ಪಾಗೆ ಎಲ್ಲ ಅಲ್ಲಿಂದಲೇ.  

ಉಪ್ಪಾಗೆ ಹಣ್ಣಿನ ಕೊಯ್ಲು ಬರುವುದು ಜಡಿಮಳೆಯ ಕಾಲಕ್ಕೆ. ಹೆಂಗಸರು ಕಾನಿಗೆ ಒಬ್ಬೊಬ್ಬರೇ ಹೋಗುವುದಿಲ್ಲ, ಜೋಡಿ ಬೇಕೇ ಬೇಕು. ಒಳಗೆ ಹೊಕ್ಕರೆ ಹತ್ತು ಮಾರು ಆಚೆಗಿನವರು ಕಾಣುವುದಿಲ್ಲ. ದಾರಿ ತಪ್ಪಿಸುವ ಬಳ್ಳಿಯೊಂದಿದೆ, ಗೊತ್ತಿಲ್ಲದೆ ದಾಟಿದರೆ ಸುತ್ತಿದ ಜಾಗವನ್ನೇ ಸುತ್ತಬೇಕಾಗುತ್ತದೆ ಎಂದು ನಂಬುವ ಸೀಮೆ ಇದು. ಆಗ ಒಬ್ಬಳು 'ಕೂ' ಹಾಕುತ್ತಾಳೆ. ಇನ್ನೊಬ್ಬಳು ಕೈಯ ಕೆಲಸ ಬಿಡದೆ 'ಕೂ' ಎಂದು ಓಗೊಡುತ್ತಾಳೆ. ಸ್ವಲ್ಪ ಹೊತ್ತು ಕಳೆದು ಮತ್ತೊಮ್ಮೆ. ಉತ್ತರ ಬರುವುದು ತಡವಾದರೆ ಬುಟ್ಟಿ ಅಲ್ಲೇ ಬಿಟ್ಟು ದನಿ ಬಂದ ಕಡೆಗೆ ಓಡಬೇಕು. ಇವಳ ಹಿಮ್ಮಡಿಗೆ ಕಚ್ಚಿದ ಉಂಬಳವನ್ನು ಅವಳು ಹೊಗೆಸೊಪ್ಪು ಒತ್ತಿ ಬಿಡಿಸುತ್ತಾಳೆ. ಹೊರೆ ಎತ್ತಿ ತಲೆಗಿಡುವುದಕ್ಕೂ ಒಬ್ಬರಿಗೊಬ್ಬರು ಬೇಕು. ಮನೆಗೆ ತಂದ ಮೇಲೂ ಬಿಸಿಲಿಲ್ಲದ ಆ ದಿನಗಳಲ್ಲಿ ಸಿಪ್ಪೆಯನ್ನು ಬೆಂಕಿಯ ಮೇಲೆಯೇ ಒಣಗಿಸಬೇಕು. ಬೆಂಕಿ ಆರದಂತೆ, ಸಿಪ್ಪೆ ಸೀಯದಂತೆ ಒಬ್ಬರು ಎಚ್ಚರ ಇರಬೇಕು, ಒಬ್ಬರು ಮಲಗಬೇಕು.

ಕಾಡಿನಲ್ಲಿ ಜೀವ ಉಳಿಯುವುದು ಎಂದರೆ ಇದೇ. ಒಬ್ಬರ ದನಿಯ ಲೆಕ್ಕ ಇನ್ನೊಬ್ಬರ ಕಿವಿಯಲ್ಲಿರುವುದು. ಇಂಥ ಎಲ್ಲ ಜೋಡಿಯೂ ಪ್ರೇಮಿಗಳು ಎಂದು ನಾನು ಹೇಳುತ್ತಿಲ್ಲ. ಆದರೆ ಗಂಡುಹೆಣ್ಣಿನ ನಡುವೆ ಇಷ್ಟು ಕಂಡರೆ ಊರು ತಾನಾಗಿಯೇ ಅದನ್ನು ಪ್ರೀತಿ ಎಂದು ಗುರುತಿಸುತ್ತದೆ. ಇಬ್ಬರು ಹೆಂಗಸರಲ್ಲಿ ಕಂಡಾಗ ನೋಡಿಯೂ ನೋಡದಂತೆ ದಾಟಿಹೋಗುತ್ತದೆ.

ಇದೇ ಸೊರಬದ ಚಂದ್ರಗುತ್ತಿಯ ಗುಹೆಯಲ್ಲಿರುವ ರೇಣುಕೆಯ ಕಥೆಯಲ್ಲೂ ಹೀಗೆ ನಾವು ದಾಟಿಹೋಗುವ ಒಂದು ಗಳಿಗೆಯಿದೆ. ಮಗ ಕೊಡಲಿ ಹಿಡಿದು ಬೆನ್ನಟ್ಟಿದಾಗ ಅವಳು ಓಡಿ ಒಬ್ಬ ಮಾತಂಗಿಯ ಆಸರೆ ಹಿಡಿದಳು, ಏಟು ಇಬ್ಬರ ಮೇಲೂ ಬಿತ್ತು, ಜೀವ ಮರಳಿದಾಗ ತಲೆ ಅದಲುಬದಲಾಗಿತ್ತು ಎಂದು ದಕ್ಷಿಣದ ಹಲವು ಪಾಠಗಳು ಹೇಳುತ್ತವೆ. ಜಾತಿಯ ಕಥೆಯಾಗಿ ಇದನ್ನು ಬೇಕಾದಷ್ಟು ಚರ್ಚಿಸಿದ್ದೇವೆ, ಚರ್ಚಿಸಲೇಬೇಕಿತ್ತು. ಆದರೆ ಅಡವಿಯಲ್ಲಿ ಅಟ್ಟಿಸಿಕೊಂಡು ಬಂದ ಒಬ್ಬ ಹೆಣ್ಣಿಗಾಗಿ ತನ್ನ ಕೊರಳನ್ನೇ ಕೊಟ್ಟ ಆ ಇನ್ನೊಬ್ಬಳನ್ನು ನೆನೆದಾಗಲೆಲ್ಲ ನನ್ನ ಗಂಟಲು ಕಟ್ಟುತ್ತದೆ.

ಇಬ್ಬರು ಹೆಂಗಸರ ಪ್ರೀತಿಯನ್ನು ಮರೆಮಾಚದೆ ಹೇಳಿದ ಕಥೆ ಸಿಕ್ಕುವುದು ರಾಜಸ್ಥಾನದಲ್ಲಿ. ಬೋರುಂದಾ ಎಂಬ ಹಳ್ಳಿಯಲ್ಲಿ ಕೂತು ಜನಪದ ಕಥೆಗಳನ್ನು ಹೊಸದಾಗಿ ಕಟ್ಟಿದ ವಿಜಯದಾನ್ ದೇಥಾ ಅವರ 'ದೋಹರಿ ಜೂಣ್'. ಇಬ್ಬರು ಸೇಠ್‌ಗಳು ಹುಟ್ಟಲಿರುವ ಮಕ್ಕಳಿಗೆ ಮದುವೆ ಮಾತಾಡಿಕೊಳ್ಳುತ್ತಾರೆ. ಹುಟ್ಟುವುದು ಎರಡೂ ಹೆಣ್ಣು. ವರದಕ್ಷಿಣೆಯ ಆಸೆಗೆ ಒಬ್ಬ ತನ್ನ ಮಗಳನ್ನು ಗಂಡಿನಂತೆ ಬೆಳೆಸಿ ಮದುವೆ ಮಾಡಿಬಿಡುತ್ತಾನೆ. ಮೊದಲ ರಾತ್ರಿ ಬೀಜಾ ಮತ್ತು ತೀಜಾಗೆ ನಿಜ ಗೊತ್ತಾಗುತ್ತದೆ. ಗೊತ್ತಾದ ಮೇಲೂ ಜೊತೆಗೇ ಬಾಳುತ್ತೇವೆ ಎಂದು ತೀರ್ಮಾನಿಸುತ್ತಾರೆ. ಊರು ಸಹಿಸುವುದಿಲ್ಲ. ಇಬ್ಬರೂ ಊರಾಚೆಗೆ, ಮನುಷ್ಯರು ಕಾಲಿಡಲು ಹೆದರುವ ದೆವ್ವಗಳ ಜಾಗಕ್ಕೆ ಹೋಗುತ್ತಾರೆ. ಮನುಷ್ಯರು ಕೊಡದ ಆಸರೆಯನ್ನು ದೆವ್ವಗಳ ಸರದಾರ ಕೊಡುತ್ತಾನೆ.

ಕಥೆ ಅಲ್ಲಿಗೇ ನಿಂತಿದ್ದರೆ ಸುಖಾಂತವೆಂದು ಮರೆತುಬಿಡಬಹುದಿತ್ತು. ಬೀಜಾಗೆ ಗಂಡಾಗುವ ಆಸೆ ಹುಟ್ಟುತ್ತದೆ. ಸರದಾರ ವರ ಕೊಡುತ್ತಾನೆ. ಗಂಡಿನ ಮೈ ಬಂದದ್ದೇ ತಡ, ಗಂಡಿನ ದರ್ಪವೂ ಬರುತ್ತದೆ. ನಿನ್ನೆಯವರೆಗೆ ಸಮಸಮ ಬಾಳಿದವಳನ್ನು ಆಳುವ ಚಪಲ. ತೀಜಾ ಕುಗ್ಗಿಹೋಗುತ್ತಾಳೆ. ಕೊನೆಗೆ ಬೀಜಾ ಮತ್ತೆ ಹೆಣ್ಣಾಗುತ್ತಾಳೆ, ಇಬ್ಬರೂ ಮೊದಲಿನಂತೆ ಕೂಡಿ ಬಾಳುತ್ತಾರೆ. ಹೆಣ್ಣಾಗಿ ಉಳಿದೇ ಹೆಣ್ಣನ್ನು ಪ್ರೀತಿಸಬಹುದು, ಅದರಲ್ಲಿ ಕೊರತೆ ಏನೂ ಇಲ್ಲ ಎಂದು ಇಷ್ಟು ಸ್ಪಷ್ಟವಾಗಿ ಹೇಳಿದ ಭಾರತೀಯ ಕಥೆಗಳು ತೀರ ಕಡಿಮೆ. ಕನ್ನಡದಲ್ಲಿ ವಸುಧೇಂದ್ರ ಅವರ 'ಮೋಹನಸ್ವಾಮಿ' 2013ರಲ್ಲಿ ಗಂಡಸರ ಪ್ರೀತಿಗೆ ಬಾಗಿಲು ತೆರೆಯಿತು. ಹೆಂಗಸರ ಪಾಲಿಗೆ ಅಷ್ಟೇ ಗಟ್ಟಿಯಾದ ಪುಸ್ತಕ ನಮ್ಮ ಹೆಣ್ಣುಮಕ್ಕಳಿಂದ ಬರಬೇಕು, ಅದು ಮಲೆನಾಡಿನಿಂದಲೇ ಬರಲಿ ಎಂಬುದು ನನ್ನ ಆಸೆ.

ಇಂದಿನ ಬೀಜಾ ತೀಜಾ ಓಡುವುದು ಪಟ್ಟಣಕ್ಕೆ. ಮಧುರೈಯ ಇಬ್ಬರು ಯುವತಿಯರು ಮನೆಯವರ ವಿರೋಧಕ್ಕೆ ಹೆದರಿ ಚೆನ್ನೈ ಸೇರಿದರು. ಹಿಂದೆಯೇ ಕಾಣೆಯಾದವರೆಂದು ಪೊಲೀಸ್ ದೂರು ಬಂತು. ಅವರ ಅರ್ಜಿ ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿ ಎನ್. ಆನಂದ್ ವೆಂಕಟೇಶ್ ಅವರ ಮುಂದೆ ಬಂದಾಗ ಅವರು ಆತುರಪಡಲಿಲ್ಲ. ಈ ಪ್ರೀತಿಯನ್ನು ಅರ್ಥಮಾಡಿಕೊಳ್ಳಲು ಮನಶ್ಶಾಸ್ತ್ರಜ್ಞರ ಬಳಿ ತಾವೇ ಹೋಗಿ ಕೂತು ತಿಳಿದುಕೊಂಡರು. 2021ರ ಜೂನ್ 7ರಂದು, ಇಂಥವರನ್ನು ಪೊಲೀಸರು ಪೀಡಿಸಬಾರದು, 'ಸರಿಪಡಿಸುತ್ತೇವೆ' ಎಂಬ ಚಿಕಿತ್ಸೆ ಸಲ್ಲದು ಎಂದು ಆದೇಶ ಕೊಟ್ಟರು. ಇಂಥ ಪ್ರೀತಿ ಅಪರಾಧವಲ್ಲ ಎಂದು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದೇ ಹೇಳಿತ್ತು. ಮದುವೆಯ ಹಕ್ಕನ್ನು ಮಾತ್ರ 2023ರ ಅಕ್ಟೋಬರ್ 17ರ ತೀರ್ಪು ಕೊಡಲಿಲ್ಲ.

ಆ ತೀರ್ಪಿನ ಬೆನ್ನಿಗೆ ಒಂದು ಸಣ್ಣ ಕೆಲಸ ಆಗಿದೆ, ಪತ್ರಿಕೆಗಳಲ್ಲಿ ಅಷ್ಟಾಗಿ ಸುದ್ದಿಯಾಗಲಿಲ್ಲ. ಜೊತೆಗೆ ಬಾಳುವ ಇಂಥ ಇಬ್ಬರನ್ನು ಪಡಿತರ ಚೀಟಿಯ ಮಟ್ಟಿಗೆ ಒಂದೇ ಕುಟುಂಬವೆಂದು ಪರಿಗಣಿಸಿ ಎಂದು 2024ರಲ್ಲಿ ಕೇಂದ್ರ ಸರ್ಕಾರ ರಾಜ್ಯಗಳಿಗೆ ತಿಳಿಸಿತು. ಬ್ಯಾಂಕಿನಲ್ಲಿ ಜಂಟಿ ಖಾತೆ ತೆರೆಯಲು, ಒಬ್ಬರು ಇನ್ನೊಬ್ಬರನ್ನು ನಾಮಿನಿ ಮಾಡಲು ಅಡ್ಡಿಯಿಲ್ಲ ಎಂದೂ ಸ್ಪಷ್ಟಪಡಿಸಿತು. ಅಕ್ಕಿ, ಉಳಿತಾಯ, ಒಬ್ಬರು ಹೋದರೆ ಉಳಿದವರಿಗೆ ಒಂದಿಷ್ಟು ಆಸರೆ. ಶಿಕಾರಿಪುರ, ಸೊರಬದ ತಾಲ್ಲೂಕು ಕಚೇರಿಗಳ ಆಹಾರ ಶಾಖೆಗೆ ನಾಳೆ ನಿಮ್ಮಲ್ಲಿ ಯಾರಾದರೂ ಕೆಲಸಕ್ಕೆಂದು ಹೋದರೆ ಈ ಸೂಚನೆ ಬಂದಿದೆಯೇ ಎಂದು ದಯವಿಟ್ಟು ಕೇಳಿ. ಬಂದಿಲ್ಲ ಎಂದರೆ ನನಗೆ ತಿಳಿಸಿ, ಪ್ರತಿ ತರಿಸಿಕೊಡುವ ಹೊಣೆ ನನ್ನದು.